ಬಿಟ್ಟರೂ ಬಿಡದ ಬ್ಯಾಗು

ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿ ಬಸವರಾಜಪ್ಪನವರ ಮಗ ಶಶಿಕಿರಣ ಒಂದು ಔಷಧ ಕಂಪನಿಯ ಮೆಡಿಕಲ್ ರೆಪ್. ಕಂಪನಿಯ ಹೆಸರು ಬೇಡ ಬಿಡಿ. ಹೇಳಿದರೂ ನಿಮ್ಮಲ್ಲಿ ಯಾರೂ ಅದರ ಮಾತ್ರೆ ನುಂಗಿರುವುದಿಲ್ಲ, ಅವನ ದುಃಖವೂ ಅದೇ. ಟೈ ಕಟ್ಟಿ, ಅದರ ಮೇಲೆ ರೇನ್‌ಕೋಟು ತೊಟ್ಟು, ಹೆಣಭಾರದ ಬ್ಯಾಗನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಅಂತ ಸುತ್ತುವುದು ಅವನ ಕೆಲಸ. ಡಾಕ್ಟರ ಬಾಗಿಲಲ್ಲಿ ಎರಡು ಗಂಟೆ ಕಾಯಬೇಕು, ಒಳಗೆ ಹೋದ ಮೇಲೆ ಎರಡು ನಿಮಿಷ ಮಾತಾಡಬೇಕು. ಆ ಎರಡು ನಿಮಿಷದಲ್ಲೂ ಅರ್ಧ ಹೊತ್ತು ಡಾಕ್ಟರು ಫೋನಿನಲ್ಲಿರುತ್ತಾರೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಂಪನಿ ಒಂದು ಆ್ಯಪ್ ಕೊಟ್ಟಿದೆ. ಡಾಕ್ಟರನ್ನು ನೋಡಿದ್ದಕ್ಕೆ ಅವರ ಕ್ಲಿನಿಕ್ಕಿನ ಜಾಗದಲ್ಲೇ ನಿಂತು ಅದರ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅವತ್ತು ಕೆಲಸವೇ ಮಾಡಿಲ್ಲ ಎಂದು ಲೆಕ್ಕ. ಕಳಸದಿಂದ ಕುದುರೆಮುಖದ ದಾರಿಯಲ್ಲಿ ಡಾಕ್ಟರ್ ಮಂಜಯ್ಯನವರ ಕ್ಲಿನಿಕ್ ಇದೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಎಂಟು ವರ್ಷದ ಹಿಂದೆ ಈ ಏರಿಯಾದ ಮೊದಲ ರೆಪ್, ಆರು ಕಿಲೋಮೀಟರ್ ಹಿಂದಿನ ತಿರುವಿನಲ್ಲಿ ನೆಟ್‌ವರ್ಕ್ ಸಿಕ್ಕಿತೆಂದು ಅಲ್ಲೇ ಬೈಕ್ ನಿಲ್ಲಿಸಿ ಡಾಕ್ಟರ ಲೊಕೇಶನ್ ದಾಖಲಿಸಿಬಿಟ್ಟ. ಆ ತಿರುವಿನಲ್ಲಿರುವುದು ನಂಜಮ್ಮನ ಹೋಟೆಲು. ಅವತ್ತಿನಿಂದ ಕಂಪನಿಯ ಪ್ರಕಾರ ಎಂ.ಬಿ.ಬಿ.ಎಸ್. ಮಾಡಿದ ಮಂಜಯ್ಯನವರು ನೀರುದೋಸೆ ಹುಯ್ಯುವ ಒಲೆಯ ಪಕ್ಕದಲ್ಲಿ ಕೂತು ಪ್ರಾಕ್ಟೀಸ್ ಮಾಡುತ್ತಿದ್ದಾರೆ. ಡಾಕ್ಟರನ್ನು ನೋಡಿದವರು ವಾಪಸ್ ಬಂದು ನಂಜಮ್ಮನ ಸೂರಿನ ಕೆಳಗೆ ನಿಂತು ಗುಂಡಿ ಒತ್ತಬೇಕು. ತಿದ್ದಿ ಎಂದು ಪ್ರತಿಯೊಬ್ಬ ರೆಪ್ಪೂ ಅರ್ಜಿ ಹಾಕಿದ. ಅರ್ಜಿ ಮುಂಬೈಯ ಹೆಡ್ಡಾಫೀಸು ತಲುಪಿ ತೀರ್ಮಾನವಾಗುವಷ್ಟರಲ್ಲಿ ಅವನು ಕೆಲಸ ಬಿಟ್ಟಿರುತ್ತಿದ್ದ. ಅವನ ಜೊತೆ ಅರ್ಜಿಯೂ ರದ್ದು. ಎಂಟು ವರ್ಷದಲ್ಲಿ ಆರು ಜನ ಹೋದರು. ಶಶಿಕಿರಣ ಏಳನೆಯವನು.

ಅವನೂ ರಾಜೀನಾಮೆ ಕೊಟ್ಟು ಹೊರಟು ನಿಂತಿದ್ದ. ಚಿಕ್ಕಮಗಳೂರಿನ ಗೊಬ್ಬರದ ಕಂಪನಿಯೊಂದು ಎಸ್ಟೇಟುಗಳನ್ನು ಸುತ್ತುವ ಕೆಲಸ ಕೊಡುತ್ತೇವೆ ಎಂದಿತ್ತು. ಟೈ ಬೇಕಿಲ್ಲ, ಆ್ಯಪಿಲ್ಲ, ಹೋದಲ್ಲೆಲ್ಲ ಕಾಫಿ ಕೊಡುತ್ತಾರೆ. ಒಂದೇ ಷರತ್ತು, ತಿಂಗಳ ಕೊನೆಯೊಳಗೆ ಹಳೇ ಕಂಪನಿಯ ರಿಲೀವಿಂಗ್ ಲೆಟರ್ ತರಬೇಕು. ಆ ಲೆಟರ್ ಇದ್ದದ್ದು ಏರಿಯಾ ಮ್ಯಾನೇಜರ್ ಪ್ರಸನ್ನಕುಮಾರರ ಕೈಯಲ್ಲಿ. ಐವತ್ತು ದಾಟಿದ ಮನುಷ್ಯ, ಮುಖ ನೋಡಿದರೆ ಯಾವಾಗಲೂ ಅಸಿಡಿಟಿ ಇದ್ದಂತೆ.

"ಕೊಡೋಣಪ್ಪ, ಯಾರು ಬೇಡ ಅಂದ್ರು? ಹೊಸಬರನ್ನ ಮೂರು ದಿನ ಜೊತೇಲಿ ಕರ್ಕೊಂಡು ಹೋಗಿ ಡಾಕ್ಟರ್‌ಗಳ ಪರಿಚಯ ಮಾಡ್ಸು. ಅವ್ರು ಸೇರ್ತೀನಿ ಅಂತ ಸೈನ್ ಹಾಕಿದ ದಿನ ನಿನ್ನ ಲೆಟರ್" ಎಂದರು.

ಈ ಲೈನಿನಲ್ಲಿ ಇದೊಂದು ಪದ್ಧತಿ. ಹೋಗುವವನು ಬರುವವನಿಗೆ ಕೆಲಸವನ್ನು ಹೊಗಳಬೇಕು. ಶಶಿಕಿರಣನಿಗೆ ಹಿಂದಿನವನಾದ ಧರ್ಮೇಶ್ ಹೀಗೇ ಹೊಗಳಿ ಹೊಗಳಿ ಬ್ಯಾಗು ದಾಟಿಸಿ ಕಾಲಿಗೆ ಬುದ್ಧಿ ಹೇಳಿದ್ದ. ಧರ್ಮೇಶನನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ.

ಹೊಸದಾಗಿ ಬಂದವಳು ಜಾವಳಿಯ ಮೇಘಶ್ರೀ. ಡಿ. ಫಾರ್ಮಾ ಓದಿ ಮೂಡಿಗೆರೆಯ ಮೆಡಿಕಲ್ ಶಾಪಿನಲ್ಲಿ ನಾಲ್ಕು ವರ್ಷದಿಂದ ಕೌಂಟರಿನಲ್ಲಿ ನಿಂತವಳು. ಈಗ ಅಲ್ಲಿ ರಜೆ ಹಾಕಿ, ತನ್ನ ಸ್ಕೂಟಿಯಲ್ಲಿ ಇವನ ಬೈಕಿನ ಹಿಂದೆ ಹೊರಟಳು. ಶಶಿಕಿರಣ ಮೊದಲ ದಿನವೇ ಶುರುಹಚ್ಚಿಕೊಂಡ. "ಒಳ್ಳೇ ಕೆಲ್ಸ ಮೇಡಂ. ಬೇಗ ಮುಗಿದ್ರೆ ದೇವರಮನೆ ಗುಡ್ಡದ ಕಡೆ ಹೋಗಿ ಗಾಳಿಗೆ ಕೂತು ಬರ್ಬಹುದು." ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಅವನು ದೇವರಮನೆಗೆ ಹೋದದ್ದು ಒಂದೇ ಸಲ, ಅದೂ ಅವನ ಮದುವೆಗೆ ನೋಡಿದ ಹುಡುಗಿ ಬೇಡ ಎಂದ ದಿನ. ಒಬ್ಬ ಡಾಕ್ಟರು ಎರಡೂವರೆ ಗಂಟೆ ಕಾಯಿಸಿದರು. "ತುಂಬಾ ದೊಡ್ಡ ಮನುಷ್ಯರು, ಅದಕ್ಕೇ ಜನ ಜಾಸ್ತಿ" ಎಂದ. ಇನ್ನೊಬ್ಬರು ಸ್ಯಾಂಪಲ್ ತೆಗೆದುಕೊಂಡು ಇವರ ಮುಖವನ್ನೂ ನೋಡದೆ ಬಾಗಿಲು ತೋರಿಸಿದರು. "ಮಾತು ಕಡಿಮೆ, ಮನಸ್ಸು ಬೆಣ್ಣೆ" ಎಂದ. ಮೇಘಶ್ರೀ ಎಲ್ಲಕ್ಕೂ "ಹೌದಾ ಸರ್" ಎನ್ನುತ್ತಿದ್ದಳು. ಆ ಹೌದಾ ಕೇಳಿದಾಗಲೆಲ್ಲ ಸುಳ್ಳು ಹೇಳಿದವನಿಗೆ ದಿಗಿಲು.

ಮೂರನೇ ದಿನ ಮಂಜಯ್ಯನವರನ್ನು ನೋಡಿ ನಂಜಮ್ಮನ ಹೋಟೆಲಿಗೆ ಬಂದರು. ಶಶಿಕಿರಣ ಸೂರಿನ ಕೆಳಗೆ ಮೂಲೆ ಹಿಡಿದು, ಫೋನು ಮೇಲೆತ್ತಿ ಗುಂಡಿ ಒತ್ತಿದ. ನಂಜಮ್ಮ ಕಾಫಿ ತಂದಿಟ್ಟು ಮೇಘಶ್ರೀಯನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಎಂಟನೇದಾ ಮಾರಾಯ?"

ಶಶಿಕಿರಣ ಕೇಳಿಸದವನಂತೆ ಲೋಟಕ್ಕೆ ಬಾಯಿ ಹಚ್ಚಿದ. ನಂಜಮ್ಮ ದೋಸೆ ಕಡೆ ತಿರುಗಿದರು. ಮೇಘಶ್ರೀ ಲೋಟ ಕೆಳಗಿಟ್ಟಳು.

"ಸರ್, ಇವತ್ತು ಸಂಜೆ ಶಾಪಿನವ್ರಿಗೆ ನಾನು ಬಿಡ್ತೀನಿ ಅಂತ ಹೇಳ್ಬೇಕು. ಒಂದ್ಸಲ ಬಿಟ್ರೆ ಅವ್ರು ಮತ್ತೆ ತಗೊಳಲ್ಲ. ಮನೇಲಿ ಅಮ್ಮನ ಮಾತ್ರೆ, ತಮ್ಮನ ಫೀಸು, ಎಲ್ಲ ನನ್ನ ಮೇಲೇ. ನಿಮ್ಮ ತಂಗಿ ಅಂತ ತಿಳ್ಕೊಂಡು ಹೇಳಿ, ಸೇರ್ಲಾ?"

ಅವಳು ಹೂಂ ಎಂದರೆ ಸಂಜೆಗೆ ಅವನ ಲೆಟರ್ ಕೈಯಲ್ಲಿ. ಒಂದೇ ಒಂದು "ಸೇರಿ" ಸಾಕಿತ್ತು. ಹಾಳಾದ ನಾಲಿಗೆ ಹೊರಳಲಿಲ್ಲ ನೋಡಿ. ಹೊರಳಿದಾಗ ಬೇರೆ ಕಡೆಗೇ ಹೊರಳಿತು. ಕಾಯುವುದು, ಟಾರ್ಗೆಟ್ಟು, ತಿಂಗಳ ಕೊನೆಗೆ ಮ್ಯಾನೇಜರ ಬೈಗುಳ, ಜ್ವರ ಬಂದರೂ ಘಾಟಿ ಹತ್ತಿ ಬಂದು ಈ ಒಲೆ ಮುಂದೆ ಗುಂಡಿ ಒತ್ತುವುದು, ಎರಡು ವರ್ಷವಾದರೂ ಯಾವ ಡಾಕ್ಟರೂ ಕೂತ್ಕೋ ಎನ್ನದೇ ಇರುವುದು. ಡಾಕ್ಟರ ಮುಂದೆ ಎರಡು ನಿಮಿಷಕ್ಕೆ ತೊದಲುತ್ತಿದ್ದವನು ಅವತ್ತು ಇಪ್ಪತ್ತು ನಿಮಿಷ ಉಸಿರು ಬಿಡದೆ ಹೇಳಿದ. ನಂಜಮ್ಮ ದೋಸೆ ಸೀಯಲು ಬಿಟ್ಟು ಕೇಳುತ್ತ ನಿಂತರು.

ಮೇಘಶ್ರೀ ಎದ್ದು ಸ್ಕೂಟಿ ಹತ್ತಿದಳು. "ನಿಮ್ಗೆ ಒಳ್ಳೇದಾಗ್ಲಿ ಸರ್" ಎಂದು ಮೂಡಿಗೆರೆ ಕಡೆ ಹೊರಟೇಹೋದಳು. ಮರುದಿನ ಬೆಳಿಗ್ಗೆ ಅದೇ ಕೌಂಟರಿನಲ್ಲಿ ಅದೇ ಕೆಮ್ಮಿನ ಸಿರಪ್ಪು ಮಾರುತ್ತಿದ್ದಳು. ಶಶಿಕಿರಣನಿಗೆ ಅಳು ಬಂತು. ಒಳ್ಳೆಯವನಾಗಲು ಬೇರೆ ದಿನ ಸಿಗಲಿಲ್ಲವೇ ಎಂದು ತನ್ನನ್ನೇ ಬೈದುಕೊಂಡ.

ಮ್ಯಾನೇಜರ್ ಹದಿನೈದು ದಿನದಲ್ಲಿ ಬೀರೂರು ಕಡೆಯ ಕಲ್ಲೇಶನನ್ನು ಹುಡುಕಿ ಕಳಿಸಿದರು. ಈ ಸಲ ಶಶಿಕಿರಣ ಬಾಯಿಗೆ ಬೀಗ ಹಾಕಿಕೊಂಡೇ ಹೊರಟಿದ್ದ. ಆದರೆ ಕಲ್ಲೇಶ ಎರಡನೇ ದಿನಕ್ಕೇ, "ಅಣ್ಣಾ, ಸಾಲ ಮಾಡಿ ಬೈಕ್ ತಗೋಬೇಕು ಅಂತಿದ್ದೀನಿ, ತಗೊಳ್ಲಾ?" ಎಂದ. ಬೀಗ ಬಿಚ್ಚಿಕೊಂಡಿತು. ಕಲ್ಲೇಶನೂ ನಾಪತ್ತೆ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಗೊಬ್ಬರದವರು ಎರಡು ಸಲ ಫೋನ್ ಮಾಡಿ ಕೇಳಿದ್ದರು. ಅಷ್ಟರಲ್ಲಿ ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಕಂಪನಿಯ ಮೀಟಿಂಗ್ ಬಂತು. ಜಿಲ್ಲೆ ಜಿಲ್ಲೆಯ ಮೂವತ್ತು ರೆಪ್‌ಗಳು, ಮುಂಬೈಯಿಂದ ಬಂದ ದೊಡ್ಡ ಸಾಹೇಬರು. ಅವರು ಪಟ್ಟಿ ನೋಡಿ, ಮೂಡಿಗೆರೆ ಕಳಸದ ಏರಿಯಾದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ನಿಂತ ರೆಪ್ ಇವನೇ ಎಂದು ಶಶಿಕಿರಣನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. "ಇಲ್ಲೇ ಉಳಿಯುವುದಕ್ಕೆ ಕಾರಣ ಏನು, ಎಲ್ಲರಿಗೂ ಹೇಳಿ" ಎಂದು ಇಂಗ್ಲಿಷಿನಲ್ಲಿ ಕೇಳಿ ಮೈಕು ಕೊಟ್ಟರು. ಮುಂದಿನ ಸಾಲಿನಲ್ಲಿ ಕೂತ ಪ್ರಸನ್ನಕುಮಾರರು ಹಲ್ಲು ಕಚ್ಚಿ ನಗುತ್ತಿದ್ದರು.

ಶಶಿಕಿರಣ ಮೈಕು ಹಿಡಿದ. ಹೊಗಳಿ ಇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಮುಂದಿನ ವರ್ಷ ಇನ್ನೊಂದು ಶಾಲು.

"ಸರ್, ನಾನು ಉಳಿದಿಲ್ಲ. ಗೊಬ್ಬರದ ಕಂಪನೀಲಿ ಕೆಲ್ಸ ಸಿಕ್ಕಿ, ಒಂದು ತಿಂಗಳ ಹಿಂದೆನೇ ರಾಜೀನಾಮೆ ಕೊಟ್ಟಿದ್ದೀನಿ. ನನ್ನ ಜಾಗಕ್ಕೆ ಬಂದವ್ರು ಕೆಲ್ಸ ಹೇಗಿದೆ ಅಂತ ಕೇಳಿದ್ರು. ಸುಳ್ಳು ಹೇಳಕ್ಕೆ ಆಗ್ಲಿಲ್ಲ, ಅವ್ರು ಓಡಿಹೋದ್ರು. ಅದಕ್ಕೆ ನಾನು ಇನ್ನೂ ಇಲ್ಲಿದ್ದೀನಿ."

ಸಾಹೇಬರಿಗೆ ಪಕ್ಕದವರಿಂದ ಕನ್ನಡ ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಊಟಕ್ಕೆ ಹೋಗೋಣ ಎಂದರು.

ಊಟದ ಸಾಲಿನಲ್ಲಿ ಹಾಸನದ ರೆಪ್ ಒಬ್ಬ ಪಕ್ಕಕ್ಕೆ ಬಂದು, ಗೊಬ್ಬರದ ಕಂಪನಿಯಲ್ಲಿ ಇನ್ನೂ ಜಾಗ ಇದೆಯಾ ಎಂದು ಕೇಳಿದ. ಹಪ್ಪಳದ ಹತ್ತಿರ ಇನ್ನೊಬ್ಬ ಕೇಳಿದ. ಮೊಸರನ್ನ ಮುಗಿಯುವಷ್ಟರಲ್ಲಿ ಏಳು ಜನ ಫೋನ್ ನಂಬರ್ ತೆಗೆದುಕೊಂಡಿದ್ದರು. ಶಶಿಕಿರಣ ಕೈತೊಳೆಯಲು ಹೋದಾಗ ಹಿಂದೆಯೇ ಪ್ರಸನ್ನಕುಮಾರರು ಬಂದರು. ಈಗ ಕಾದಿದೆ ಎಂದುಕೊಂಡು ನಲ್ಲಿಯ ಕಡೆಗೇ ನೋಡುತ್ತ ನಿಂತ.

"ಲೆಟರ್ ನಾಳೆ ಬೆಳಿಗ್ಗೆ ಮೇಲ್ ಮಾಡ್ತೀನಿ. ನಿನ್ನ ಇಟ್ಕೊಂಡ್ರೆ ನನ್ನ ಏರಿಯಾ ಖಾಲಿಯಾಗುತ್ತೆ ಮಾರಾಯ" ಎಂದರು.

ಅವನು ಥ್ಯಾಂಕ್ಸ್ ಹೇಳಲು ತಿರುಗಿದ. ಅವರು ಹೋಗಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿ, ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟರು.

"ಅಲ್ಲಿ, ಆ ಗೊಬ್ಬರದವ್ರು," ಎಂದು ದನಿ ತಗ್ಗಿಸಿ ಕೇಳಿದರು, "ಐವತ್ತೆರಡು ವರ್ಷದವ್ರನ್ನ ತಗೋತಾರಾ?"