ಸರಿದು ಕೂತ ಕಲ್ಲುಗಳು

ಆ ಜಿಪಿಎಸ್ ಮಾರಾಟದವನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಗಂಗೊಳ್ಳಿ ಬಂದರಿನಲ್ಲಿ, ಎಲ್ಲರ ಎದುರು, "ಮೆಷಿನ್ ಸರಿ ಉಂಟು, ತಾಂಡೇಲನಿಗೇ ಕಣ್ಣು ಕಾಣುವುದಿಲ್ಲ" ಎಂದುಬಿಟ್ಟಿದ್ದ. ಆ ತಾಂಡೇಲ, ಅಂದರೆ ದೋಣಿ ನಡೆಸುವವರು, ನನ್ನ ಅಕ್ಕನ ಗಂಡ.

ಬಾವನ ಹಳೆಯ ಜಿಪಿಎಸ್‌ನ ಪರದೆ ಉಪ್ಪುಗಾಳಿಗೆ ಸತ್ತುಹೋಗಿತ್ತು. ಒಳಗೆ ಮಾತ್ರ ಅವರು ವರ್ಷಗಟ್ಟಲೆ ಗುರುತು ಮಾಡಿಟ್ಟ ಪಾಯಿಂಟುಗಳು ಭದ್ರವಾಗಿದ್ದವು: ಎಲ್ಲಿ ಮೀನು, ಎಲ್ಲಿ ಬಲೆ ಹರಿಯುವ ಕಲ್ಲು. ದೋಣಿಯ ಯಜಮಾನರು ಹೊಸ ಸೆಟ್ ತರಿಸಿದರು. ಮಾರಾಟದವನು ತನ್ನದೇ ಒಂದು ಪ್ರೋಗ್ರಾಂ ಹಾಕಿ ಎಲ್ಲವನ್ನೂ ಅದಕ್ಕೆ ದಾಟಿಸಿದ. ಸರಿ ಬಂದಿದೆಯೇ ನೋಡಲು ಒಂದು ಪಾಯಿಂಟ್ ಹೇಳಿ ಎಂದಾಗ ಬಾವ ಹೇಳಿದ್ದು ಹೊಳೆ ಕಡಲು ಸೇರುವ ಅಳಿವೆಯ ಬಾಯಿಯನ್ನು, ಊರಿಗೇ ಗೊತ್ತಿರುವ ಜಾಗವನ್ನು. ತನ್ನ ಪಾಯಿಂಟನ್ನು ಯಾವ ತಾಂಡೇಲನೂ ಇನ್ನೊಬ್ಬರ ಕಣ್ಣಿಗೆ ಬೀಳಿಸುವುದಿಲ್ಲ. ಅಳಿವೆ ಸರಿಯಾಗಿಯೇ ಬಂತು. ಆದರೆ ಮೊದಲ ಸಲ ಕಡಲಿಗೆ ಹೋದಾಗಲೇ ಬಲೆ ಕಲ್ಲಿಗೆ ಸಿಕ್ಕಿ ಚಿಂದಿಯಾಯಿತು. ಬೇರೆ ತಾಂಡೇಲನನ್ನು ನೋಡುತ್ತೇನೆ ಎಂದರು ಯಜಮಾನರು.

ನಾನಾಗ ಕುಂದಾಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಹಳೆಯ ಸೆಟ್ ಕೊಡಿ, ನೋಡುತ್ತೇನೆ ಎಂದು ಬಾವನಿಗೆ ಗೋಗರೆದೆ.

"ಹೆಂಡ್ತಿಗೇ ಹೇಳದ್ದ್ ನಿಂಗೆ ಹ್ಯಾಂಗ್ ತೋರ್ಸುದ್ ಮಾರಾಯ?" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅನ್ನಕ್ಕೇ ಕಲ್ಲು ಬೀಳುವ ಹೊತ್ತಿನಲ್ಲಿ ಎಂಥ ಗುಟ್ಟು! ಬಾಯಿಗೆ ಬಂದಂತೆ ಕೂಗಾಡಿದ ಮೇಲೆ ಕೊಟ್ಟರು.

ಹಳೆಯ ಸೆಟ್ ಅಕ್ಷಾಂಶ ರೇಖಾಂಶದ ಒಂದೊಂದು ಅಂಕಿಯನ್ನೂ ಬೈಟ್ ಎಂಬ ನಾಲ್ಕು ತುಂಡುಗಳಾಗಿ ಒಡೆದು, ಬಿಡಿಸ್ಥಾನದಂಥ ಚಿಕ್ಕ ಬೈಟನ್ನು ಮೊದಲು ಇಡುತ್ತಿತ್ತು. ಹೊಸದಕ್ಕೆ ದೊಡ್ಡದು ಮೊದಲು ಬೇಕು. ತಿರುಗಿಸಿ ಜೋಡಿಸಿದರೆ ಕೆಲಸ ಮುಗಿಯಿತು. ಪ್ಲಸ್ಸೋ ಮೈನಸ್ಸೋ ಎಂಬ ಗುರುತು ಇಡೀ ಅಂಕಿಗೆ ಒಂದೇ, ಅದಿರುವುದು ದೊಡ್ಡ ಬೈಟಿನಲ್ಲಿ. ಆ ಪುಣ್ಯಾತ್ಮನ ಪ್ರೋಗ್ರಾಂ ಒಂದೊಂದು ಬೈಟಿನಲ್ಲೂ ಗುರುತು ಹುಡುಕುತ್ತಿತ್ತು. ಬೈಟ್ ನೂರಿಪ್ಪತ್ತೇಳು ದಾಟಿದರೆ ಮೈನಸ್ ಎಂದುಕೊಂಡು ಕೂಡಿಸುವ ಬದಲು ಕಳೆಯುತ್ತಿತ್ತು. ಅಳಿವೆಯ ಅಂಕಿಯಲ್ಲಿ ನೂರಿಪ್ಪತ್ತೇಳು ದಾಟಿದ ಬೈಟ್ ಇರಲಿಲ್ಲ. ಕಲ್ಲುಗಳ ಅಂಕಿಗಳಲ್ಲಿ ಇತ್ತು, ಅವು ಅರ್ಧ ಕಿಲೋಮೀಟರಿಗೂ ಹೆಚ್ಚು ಸರಿದು ಕೂತಿದ್ದವು. ಒಂದು ಸಾಲು ತಿದ್ದಿದರೆ ಸಾಕಿತ್ತು. ಅಷ್ಟನ್ನು ನೋಡದ ಅಯೋಗ್ಯ ಒಬ್ಬ ಮನುಷ್ಯನ ಮಾನ ಕಳೆದಿದ್ದ.

ಯಜಮಾನರ ಆಫೀಸಿನಲ್ಲೇ, ಅವರ ಕಂಪ್ಯೂಟರಿನಲ್ಲೇ ತೋರಿಸಿದೆ. ತಪ್ಪು ಜಾಗದ ಕಲ್ಲು, ಅದರ ಪಕ್ಕಕ್ಕೆ ನಿಜವಾದ ಕಲ್ಲು. ಮಾರಾಟದವನು ತಲೆ ಕೆರೆದುಕೊಂಡ. ಹಾಗಾದರೆ ಉಳಿದ ಪಾಯಿಂಟುಗಳನ್ನೂ ಹಾಕಿ ನೋಡುವ ಎಂದರು ಯಜಮಾನರು. ಬಾವ ನನ್ನ ಮುಖ ನೋಡಿದರು. ಎಲ್ಲರೆದುರು ಗೆದ್ದ ಗಳಿಗೆಯಲ್ಲಿ ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಮೀನಿನ ಜಾಗಗಳೆಲ್ಲ ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ಯಜಮಾನರು ಚಾ ತರಿಸಿದರು, ಬಾವನ ಬೆನ್ನು ತಟ್ಟಿದರು.

ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿಯುವಾಗ ಬಾವನಿಗೆ ಕರೆ ಬರಲಿಲ್ಲ. ಕುದಿಯುತ್ತಲೇ ಹೋಗಿ ಕೇಳಿದೆ. ಯಜಮಾನರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಪಾಯಿಂಟೆಲ್ಲ ಇಲ್ಲೇ ಇತ್ತಲ, ಇನ್ ಯಾರ್ ಹೋದ್ರೂ ಆತ್ತ್," ಎಂದರು. "ನೀನೇ ಸರಿ ಮಾಡಿ ಕೊಟ್ಟದ್ದಲ್ದಾ?"