ಕುಡಿದದ್ದು ಲೆಕ್ಕಕ್ಕಿಲ್ಲ

ಸಲ್ವಾರಿನ ಲಾಡಿ ಪ್ರಬಂಧ ಬರೆಯುವಂಥ ಘನವಾದ ವಸ್ತುವಲ್ಲ, ಒಪ್ಪುತ್ತೇನೆ. ಆದರೆ ಈ ಕೆಲವು ತಿಂಗಳು ನಾನು ಬೆಳಿಗ್ಗೆ ಎದ್ದು ಶ್ರದ್ಧೆಯಿಂದ ನೋಡುತ್ತ ಬಂದದ್ದು ದೇವರ ಪಟವನ್ನೂ ಅಲ್ಲ, ಮೊಬೈಲನ್ನೂ ಅಲ್ಲ. ಗಂಟು ಬಿಗಿದ ಮೇಲೆ ಮುಂದೆ ಜೋತುಬೀಳುವ ಲಾಡಿಯ ಎರಡು ತುದಿಗಳನ್ನು. ಆಳಂದದ ನಮ್ಮ ಮನೆಯಲ್ಲಿ ತೂಕದ ಯಂತ್ರ ಇಲ್ಲವೆಂದಲ್ಲ. ಅದರ ಮೇಲೆ ನನಗೆ ನಂಬಿಕೆ ಇಲ್ಲ. ಪಡಸಾಲೆಯ ಕಲ್ಲಿನ ಮೇಲಿಟ್ಟರೆ ಒಂದು ಹೇಳುತ್ತದೆ, ಒಳಗಿನ ಟೈಲ್ಸಿನ ಮೇಲಿಟ್ಟರೆ ಇನ್ನೊಂದು. ನಿಂತ ಜಾಗ ಬದಲಾದೊಡನೆ ಹೇಳಿಕೆ ಬದಲಿಸುವ ಸಾಕ್ಷಿಯನ್ನು, ವಕೀಲಿ ವೃತ್ತಿಯ ಹೊಸ್ತಿಲಲ್ಲಿ ನಿಂತಿರುವ ನಾನು ಹೇಗೆ ನಂಬಲಿ? ಲಾಡಿ ಹಾಗಲ್ಲ. ಅದು ಮಾತಾಡುವುದಿಲ್ಲ, ಮುಲಾಜಿಗೆ ಬೀಳುವುದಿಲ್ಲ. ಸೊಂಟ ಕರಗಿದಷ್ಟು ತಾನು ಉದ್ದವಾಗುತ್ತದೆ, ಅಷ್ಟೇ.

ಉದ್ದವಾಗುತ್ತಿತ್ತು ಎನ್ನಬೇಕು. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನನ್ನ ಜಠರದ ದೊಡ್ಡ ಪಾಲನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯಂಥ ಸಪೂರ ಚೀಲವಾಗಿಸಿ ಕಳಿಸಿದ ಮೇಲೆ, ಲಾಡಿಯ ತುದಿಗಳು ಬೇಸಿಗೆಯುದ್ದಕ್ಕೂ ಇಳಿದವು, ಮುಂಗಾರಿನಲ್ಲೂ ಇಳಿದವು, ತೊಗರಿ ಹೂ ಬಿಡುವ ಹೊತ್ತಿಗೆ ಮೊಣಕಾಲಿನ ಹತ್ತಿರಕ್ಕೆ ಬಂದಿದ್ದವು. ಅಲ್ಲಿಗೆ ನಿಂತವು. ತೊಗರಿ ಕಾಯಿ ಕಟ್ಟಿತು, ಕಾಳು ಬಲಿಯಿತು. ಲಾಡಿ ಮಾತ್ರ ಅಲ್ಲಿಯೇ ಇತ್ತು. ಒಂದು ಮುಂಜಾನೆ ಅದು ತುಸು ಮೇಲೇರಿದಂತೆಯೂ ಕಂಡಿತು. ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ಹಾಗೆಯೇ ಕಂಡಿತು.

ನೀವು ಕೇಳಬಹುದು, ಇದನ್ನು ಮನೆಯಲ್ಲಿ ಯಾರಿಗಾದರೂ ಹೇಳಬಾರದಿತ್ತೇ ಎಂದು. ಹೇಳಬಹುದಿತ್ತು, ನಾನು ವಾದದಲ್ಲಿ ಸೋತಿದ್ದರೆ. ನನ್ನ ಕಷ್ಟವೇ ಅದು, ನಾನು ಗೆದ್ದಿದ್ದೆ. ಜೇವರ್ಗಿಯ ಕಾಲೇಜಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಬಂದ ಕಡೆ ನಿಂತು, ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಮಾತಿನ ಬುನಾದಿ ಎಲ್ಲಿದೆಯೆಂದು ಹುಡುಕಿ ಅಲ್ಲಿಗೇ ಗುದ್ದಲಿ ಹಾಕುವುದು ನನಗೆ ರೂಢಿಯಾಗಿತ್ತು. ಹಾಗೆ ಕಲಿತದ್ದನ್ನೆಲ್ಲ, ಸಕ್ಕರೆ ಕಾಯಿಲೆ ಬಾಗಿಲು ತಟ್ಟಿ, ಕೋರ್ಟಿನ ಮೆಟ್ಟಿಲು ಹತ್ತಿದರೆ ಏದುಸಿರು ಬಂದು, ಮೊಣಕಾಲು ರಾತ್ರಿಯೆಲ್ಲ ಸಿಡಿಯತೊಡಗಿದ ಮೇಲೆ, ನನ್ನ ಮನೆಯವರ ಮೇಲೆಯೇ ಪ್ರಯೋಗಿಸಿದೆ.

ಅಫಜಲಪುರದಲ್ಲಿರುವ ಚಿಗವ್ವ, ಎಂದರೆ ಅವ್ವನ ತಂಗಿ, ಆಪರೇಶನ್ ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಬಂದಿದ್ದಳು. "ದೇವ್ರು ಕೊಟ್ಟ ಹೊಟ್ಟಿಗಿ ಕತ್ತರಿ ಹಾಕ್ತಾರೇನ್ ಬೇ ಯಾರಾರ?" ಎಂದಳು.

"ಅಪೆಂಡಿಕ್ಸೂ ದೇವ್ರೇ ಕೊಟ್ಟಿದ್ದ ಚಿಗವ್ವಾ. ನಿಂದು ಎಲ್ಲಿ ಅದ ಈಗ?" ಎಂದೆ.

ಅವಳು ತನ್ನ ಹೊಟ್ಟೆಯ ಹಳೆಯ ಹೊಲಿಗೆ ಮುಟ್ಟಿಕೊಂಡಳು. ಅವ್ವ ಅತ್ತಳು, ಅಳು ಒಂದು ವಾದವಲ್ಲ ಎಂದು ನಾನು ಅದನ್ನು ಪರಿಗಣಿಸಲೇ ಇಲ್ಲ. ಉಳಿದವರು ಅಪ್ಪ. ಮಟಕಿ ಎಂಬ ಹಳ್ಳಿಯಲ್ಲಿ ಹೊಲ ಮಾಡಿಸುವ, ಹೆಚ್ಚು ಮಾತಾಡದ ಮನುಷ್ಯ. ಅವರು ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಕೊಯ್ದರ ಹೊಟ್ಟಿ ಸಣ್ಣದಾಗ್ತದ, ಖರೆ. ಹಸಿವಿ ಸಣ್ಣದಾಗ್ತದೇನವಾ?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹಸಿವೆ ಹುಟ್ಟಿಸುವ ಭಾಗವೂ ಕತ್ತರಿಸಿದ್ದರ ಜೊತೆಗೇ ಹೋಗುತ್ತದೆಂದು ಡಾಕ್ಟರು ತೋರಿಸಿದ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಪ್ಪ ತಲೆಯಾಡಿಸಿದರು. ಗೆದ್ದೆ. ಆದರೆ ಗೆಳೆಯರೇ, ಚರ್ಚೆಯಲ್ಲಿ ಗೆದ್ದವರಿಗೆ ಒಂದು ಶಾಪವಿದೆ. ಸೋತವರೆಲ್ಲ ಒಂದು ಕಡೆ ಕೂತು ಚಹಾ ಕುಡಿಯುತ್ತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಬಹುದು. ಗೆದ್ದವನು ತನ್ನ ಬಹುಮಾನದ ಕಪ್ಪು ಹಿಡಿದುಕೊಂಡು ಒಬ್ಬನೇ ಮನೆಗೆ ಹೋಗಬೇಕು. ಆಮೇಲೆ ಅವನಿಗೆ ತನ್ನ ಮಾತಿನ ಮೇಲೆಯೇ ಅನುಮಾನ ಬಂದರೆ ಯಾರ ಬಾಗಿಲು ತಟ್ಟಬೇಕು? ಎಲ್ಲ ಬಾಗಿಲುಗಳನ್ನೂ ತಾನೇ ಮುಚ್ಚಿಸಿ ಬಂದಿದ್ದಾನಲ್ಲ.

ಅಪ್ಪನ ಪ್ರಶ್ನೆ ಲಾಡಿ ನಿಂತ ದಿನದಿಂದ ನನ್ನೊಳಗೆ ಮತ್ತೆ ಮಾತಾಡತೊಡಗಿತು. ಈ ದೇಹ ಯಾವ ಪಥ್ಯಕ್ಕೂ ಬಗ್ಗಿದ್ದಲ್ಲ, ಯಾವ ನಡಿಗೆಗೂ ಕರಗಿದ್ದಲ್ಲ. ಕೊನೆಯ ಅಸ್ತ್ರವೆಂದು ಕತ್ತರಿಯನ್ನೇ ಕರೆಸಿದ್ದಾಯಿತು. ಕೊನೆಯ ಅಸ್ತ್ರ ಗುರಿ ತಪ್ಪಿದರೆ ಬತ್ತಳಿಕೆಯಲ್ಲಿ ಕೈಯಾಡಿಸಿ ಏನು ಹುಡುಕುವುದು? ಕತ್ತರಿಸಿ ತೆಗೆದದ್ದನ್ನು ಮರಳಿ ಜೋಡಿಸಲು ಬರುವುದಿಲ್ಲ. ಡಾಕ್ಟರಿಗೆ ಫೋನು ಮಾಡಿದೆ. "ಎಲ್ಲರಿಗೂ ನಡುವೆ ಹೀಗೆ ಒಂದು ಸಲ ನಿಲ್ಲುತ್ತದೆ" ಎಂದರು. ಎಲ್ಲರಿಗೂ ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಎಲ್ಲರಲ್ಲಿ ನಾನು ಇದ್ದೇನೆಂದು ಸಾಬೀತು ಮಾಡಿದವರು ಯಾರು? "ಏನೇನು ಊಟ ಮಾಡುತ್ತೀರಿ?" ಎಂದು ಕೇಳಿದರು. ಮುಚ್ಚುಮರೆಯಿಲ್ಲದೆ ಹೇಳಿದೆ: ಕಾಲು ರೊಟ್ಟಿ, ನಾಲ್ಕು ಚಮಚ ಬೇಳೆ, ಒಂದಿಷ್ಟು ಪಲ್ಯ. "ಸರಿಯಾಗಿದೆಯಲ್ಲ, ಹಾಗೇ ಮುಂದುವರಿಸಿ" ಎಂದರು.

ಊಟದ ವಿಷಯ ಬಂತು, ಹೇಳಿಬಿಡುತ್ತೇನೆ. ಒಂಟಿತನವೆಂದರೆ ಯಾರೂ ಇಲ್ಲದ ಕೋಣೆ ಎಂದು ತಿಳಿದಿದ್ದೆ. ಈಗ ಗೊತ್ತು, ಅದು ತುಂಬಿದ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಮುಗಿದುಹೋದ ಎಲೆ. ಪಕ್ಕದವರು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದುವ ಹೊತ್ತಿಗೆ ನನ್ನದು ಮುಗಿದಿರುತ್ತದೆ. ನಮ್ಮ ಕಡೆ ನಗು, ಜಗಳ, ಮದುವೆ ಮಾತುಕತೆ, ಹೊಲದ ಬದುವಿನ ತಕರಾರು ಎಲ್ಲ ನಡೆಯುವುದು ತುತ್ತು ಮತ್ತು ತುತ್ತಿನ ನಡುವೆ. ತುತ್ತು ಇಲ್ಲದವಳಿಗೆ ನಡುವೂ ಇಲ್ಲ. ಬಡಿಸುವವರು ನನ್ನ ಮುಂದೆ ಬಂದಾಗ ಒಂದು ಕ್ಷಣ ನಿಂತು, ಏನೋ ನೆನಪಾಗಿ ದಾಟಿ ಹೋಗುತ್ತಾರೆ. ಮೊದಲೆಲ್ಲ ಅವರ ಒತ್ತಾಯಕ್ಕೆ ಸಿಟ್ಟಿಗೇಳುತ್ತಿದ್ದವಳು ನಾನೇ. ಈಗ ಒತ್ತಾಯವಿಲ್ಲದ ಮೌನ ಅದಕ್ಕಿಂತ ಭಾರ.

ಈ ಮೌನದಲ್ಲಿ ನನಗೆ ಉಳಿದಿದ್ದದ್ದು ಅವ್ವನ ಲೋಟ. ಕೋರ್ಟಿನಿಂದ ಬಂದು ಕರಿ ಕೋಟು ಗೂಟಕ್ಕೆ ಹಾಕುವುದರೊಳಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ದಿನ ಹಾಲಿನಲ್ಲಿ ಅರೆದ ಖಜೂರ, ಒಂದು ದಿನ ಗಸಗಸೆ ಪಾಯಸ, ಇನ್ನೊಂದು ದಿನ ಗೋದಿ ಹುಗ್ಗಿಗೆ ಹಾಲು ಬೆರೆಸಿ ಸೋಸಿದ ತಿಳಿ. "ಒಂದು ಹಿಡಿ ಉಣ್ಣತಿ, ಹೆಂಗ್ ಜೀವ ಹಿಡೀತದ? ಕುಡಿ. ಕುಡಿದದ್ದು ಲೆಕ್ಕಕ್ಕಿಲ್ಲ." ಅವಳ ಲೆಕ್ಕ ಅವಳಿಗೆ ಸಹಜವಾದದ್ದೇ. ಶ್ರಾವಣ ಸೋಮವಾರ, ಶಿವರಾತ್ರಿ ಎಂದು ಜೀವಮಾನವೆಲ್ಲ ಉಪವಾಸ ಹಿಡಿದವರು ಅಕ್ಕತಂಗಿಯರಿಬ್ಬರೂ. ಉಂಡರೆ ಉಪವಾಸ ಮುರಿಯುತ್ತದೆ, ಕುಡಿದರೆ ಮುರಿಯುವುದಿಲ್ಲ. ನಾನು ಗೋಡೆಗೊರಗಿ ಗುಟುಕರಿಸುತ್ತಿದ್ದೆ, ಅವ್ವ ಮುಂದೆ ಕೂತು ನೋಡುತ್ತಿದ್ದಳು. ದಿನದಲ್ಲಿ ಅದೊಂದೇ ಹೊತ್ತು ನನಗೆ ಯಾರ ಜೊತೆಗೋ ಊಟಕ್ಕೆ ಕೂತಂತೆ ಅನ್ನಿಸುತ್ತಿದ್ದದ್ದು.

ಹೀಗಿರುವಾಗ ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಬಂತು. ಈ ಸಲ ಸೋಮವಾರವೇ ಬಿದ್ದಿತ್ತು. ನಮ್ಮ ಕಡೆ ಆ ದಿನ ಮನೆಯಲ್ಲಿ ಒಲೆ ಹಚ್ಚಿಕೊಂಡು ಕೂಡುವವರಿಲ್ಲ. ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹತ್ತಾರು ಹಸಿಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಗಡಿಗೆ ತುಂಬ ಅಂಬಲಿ, ಎಲ್ಲವನ್ನೂ ಹೊತ್ತು ಹೊಲಕ್ಕೆ ಹೋಗುವುದು, ಮೊದಲ ಪಾಲನ್ನು ಭೂಮಿಗೆ ಚರಗವೆಂದು ಚೆಲ್ಲಿ ಆಮೇಲೆ ತಾವು ಉಣ್ಣುವುದು. ಉಣ್ಣದವರನ್ನು ಆ ದಿನ ಹೊಲ ಒಪ್ಪುವುದಿಲ್ಲ ಎನ್ನುತ್ತಾರೆ. ದಾರಿಯುದ್ದಕ್ಕೂ ಪ್ರತಿ ಹೊಲದ ಗಿಡದ ನೆರಳಿನಿಂದಲೂ "ಬರ್ರಿ, ಊಟ ಮಾಡ್ಕೊಂಡ್ ಹೋಗ್ರಿ" ಎಂದು ಕೂಗು. ನಾನು ಕೈ ಮುಗಿದು, ಮುಗಿದು ಮುಂದೆ ಸಾಗಿದೆ.

ಮಟಕಿಯ ನಮ್ಮ ಹೊಲದ ಬೇವಿನ ಗಿಡದ ಕೆಳಗೆ ಚಿಗವ್ವನೂ ಬಂದು ಕೂತಿದ್ದಳು. ಎಲ್ಲರೂ ಉಣ್ಣಲು ಕೂತರು, ಅವಳೊಬ್ಬಳು ಇಲ್ಲ. ಯಾವುದೋ ಹರಕೆಗೆ ಸೋಮವಾರ ಹಿಡಿದಿದ್ದಾಳಂತೆ. ಉಣ್ಣದವರು ಇಬ್ಬರಾದೆವಲ್ಲ ಎಂದು ನನಗೆ ಒಳಗೊಳಗೇ ಖುಷಿ. ಅವಳು ಸೆರಗಿನ ಮರೆಯಿಂದ ದೊಡ್ಡದೊಂದು ಥರ್ಮಾಸು ತೆಗೆದು ಬಾದಾಮಿ ಹಾಲು ಬಗ್ಗಿಸಿಕೊಂಡು ಕುಡಿದಳು. ಮತ್ತೆ ಬಗ್ಗಿಸಿಕೊಂಡಳು.

ಅಪ್ಪ ನಕ್ಕರು: "ಎಷ್ಟು ವರ್ಷ ಆತು ನೀ ಉಪಾಸ ಹಿಡದು? ನೋಡಿದರ ಉಂಡವ್ರಿಗಿಂತ ನೀನೇ ಉಬ್ಬೀದಿ."

"ಹೌದ್ರಿ ಭಾವೋರ" ಎಂದಳು ಚಿಗವ್ವ, ಬಾಯಿ ಒರೆಸಿಕೊಂಡು, ನಾಚಿಕೆಯಿಲ್ಲದೆ. "ಉಪಾಸ ಮಾಡಿ ಮಾಡೇ ನಾ ಹಿಂಗ್ ಆಗೀನಿ. ಬ್ಲೌಜಿನ ಹೊಲಿಗಿ ಬಿಚ್ಚೂದು ಸೋಮವಾರನೇ. ಹರಕಿ ಮುಗಿಯೂದ್ರಾಗ ಈ ಗಿಡದ ನೆಳ್ಳಿನಾಗ ನಾ ಒಬ್ಬಾಕಿನೇ ಹಿಡೀಬೇಕು, ನೀವೆಲ್ಲ ಬಿಸಲಾಗ ಕೂಡ್ರಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅರ್ಧದವರೆಗೆ.

ಚಿಗವ್ವನ ಊರು ಸೊನ್ನದ ಬ್ಯಾರೇಜಿನ ದಾರಿಯಲ್ಲಿದೆ. ಭೀಮಾ ಹೊಳೆಗೆ ನೆರೆ ಬಂದಾಗ ಅಲ್ಲಿ ನಿಂತು ನೋಡಿದ್ದೇನೆ: ತೇಲಿ ಬಂದ ಮರದ ಬೊಡ್ಡೆ, ಮುಳ್ಳಿನ ಕಂಟಿ ಗೇಟಿಗೆ ಅಡ್ಡವಾಗಿ ಸಿಕ್ಕಿಕೊಂಡು ನಿಲ್ಲುತ್ತವೆ, ನೀರು ಮಾತ್ರ ಸಿಕ್ಕ ಸಂದಿನಲ್ಲಿ ನುಸುಳಿ ತನ್ನ ಪಾಡಿಗೆ ತಾನು ಹೋಗುತ್ತದೆ. ನನ್ನ ಹೊಟ್ಟೆಗೆ ಹಾಕಿದ ಗೇಟೂ ಅಂಥದ್ದೇ ಅಲ್ಲವೇ? ರೊಟ್ಟಿಯನ್ನು ತಡೆಯುತ್ತದೆ, ಹುಗ್ಗಿಯ ತಿಳಿಯನ್ನು ತಡೆಯುವುದಿಲ್ಲ. ಆಸ್ಪತ್ರೆಯಿಂದ ಬರುವಾಗ ಸಿಹಿಯಾದ ದ್ರವ ಬೇಡವೆಂದು ಹೇಳಿದ್ದು ಆಗ ನೆನಪಾಯಿತು. ತಂಪು ಬಾಟಲಿಗಳ ಮಾತು ಎಂದುಕೊಂಡಿದ್ದೆ, ಅವ್ವನ ಲೋಟದ ಮಾತೆಂದು ಹೊಳೆದಿರಲಿಲ್ಲ. ಊಟವೇನು ಎಂದು ಡಾಕ್ಟರು ಕೇಳಿದಾಗ ಊಟವನ್ನಷ್ಟೇ ಹೇಳಿದ್ದೆ. ದೇವರನ್ನೇ ದಾಖಲೆ ಕೇಳುವ ನಾನು, ಕುಡಿದದ್ದು ಲೆಕ್ಕಕ್ಕಿಲ್ಲವೆಂಬ ಬುನಾದಿಯನ್ನು ಒಮ್ಮೆಯೂ ಕೆದಕಿರಲಿಲ್ಲ. ಅದರ ಮೇಲೆ ಕೂತು ಬೆಚ್ಚಗಿದ್ದೆ.

ನಿರಾಳವಾಯಿತು ಎಂದುಕೊಳ್ಳಬೇಡಿ. ಒಂದು ಕಾರಣ ಸಿಕ್ಕಿತೆಂದರೆ ಅದೇ ಕಾರಣವೆಂದು ತೀರ್ಪು ಕೊಡಲಾಗದು; ಅಷ್ಟು ತರ್ಕ ನನಗೆ ಗೊತ್ತಿದೆ. ಲೋಟ ಬಿಟ್ಟ ಮೇಲೂ ಲಾಡಿ ಅಲ್ಲಿಯೇ ನಿಂತರೆ? ಇಲ್ಲಿಯವರೆಗೆ ನನ್ನ ಭಯಕ್ಕೆ ಒಂದು ಮಸುಕು ಇತ್ತು, ಆ ಮಸುಕಿನಲ್ಲಿ ಆಸೆಯೂ ಅಡಗಿಕೊಳ್ಳಬಹುದಿತ್ತು. ಇನ್ನು ಪರೀಕ್ಷೆ ಶುದ್ಧವಾಗುತ್ತದೆ. ಸೋತರೆ ಸೋಲೂ ಶುದ್ಧ. ಅದಕ್ಕಿಂತ ಹೆಚ್ಚಾಗಿ, ಲೋಟ ಹೋದರೆ ಆ ಸಂಜೆಯ ಹೊತ್ತೂ ಹೋಗುತ್ತದೆ. ತೂಕ ಇಳಿಯಬೇಕೆಂದರೆ ನನಗೆ ಉಳಿದಿದ್ದ ಒಂದೇ ಪಂಕ್ತಿಯಿಂದಲೂ ಏಳಬೇಕು. ಸರಳವಾಗಿ ಹೇಳುವುದಾದರೆ, ನನಗೆ ಅಳು ಬಂತು. ಅಳು ವಾದವಲ್ಲ ಎಂದವಳು ನಾನೇ, ಆದ್ದರಿಂದ ಬೇವಿನ ಗಿಡದ ಕಡೆ ಮುಖ ತಿರುಗಿಸಿದೆ.

ಅಷ್ಟರಲ್ಲಿ ಅವ್ವ ಬಂದಳು. ಕೈಯಲ್ಲಿ ಸ್ಟೀಲಿನ ಲೋಟ. ಶೇಂಗಾ ಹೋಳಿಗೆಯನ್ನು ಹಾಲಿನಲ್ಲಿ ಹಿಸುಕಿ, ತುಪ್ಪ ಬಿಟ್ಟು, ಕುಡಿಯುವ ಹಾಗೆ ತಿಳಿ ಮಾಡಿ ತಂದಿದ್ದಳು. "ತೊಗೊ. ಹಬ್ಬದ ದಿನ ಹೋಳಿಗಿ ಬಾಯಿಗಿ ಮುಟ್ಟಿಸಲಾರದಂಗ್ ಇರಬಾರ್ದು" ಎಂದಳು.

"ಬ್ಯಾಡ ಬೇ ಅವ್ವಾ."

"ಯಾಕ? ಸಿಹಿ ಕಮ್ಮಿ ಹಾಕೀನಿ."

ಅವಳ ಬುನಾದಿ ನನ್ನ ಕಣ್ಣ ಮುಂದೆಯೇ ಇತ್ತು. ಎರಡು ಮಾತಿನಲ್ಲಿ ಕೆಡವಬಹುದಿತ್ತು. ಇದರಿಂದಲೇ ತೂಕ ನಿಂತಿದೆ ಎಂದು ಹೇಳಿಬಿಟ್ಟರೆ ಈ ತಿಂಗಳುಗಳ ಅವಳ ಮಮತೆಯೆಲ್ಲ ಒಂದು ತಪ್ಪಾಗಿ ಅವಳ ಕೈಗೇ ಬರುತ್ತಿತ್ತು. ನಾನು ಬೇರೆಯದನ್ನು ಹೇಳಿದೆ, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು: "ನನಗ ಅಂಜಿಕಿ ಆಗಾಕತ್ತದ ಬೇ. ಈ ಆಪರೇಶನ್ ಫಲಾ ಕೊಡಲಾರದಂಗ್ ಕಾಣತದ. ತೂಕ ನಿಂತದ. ಇನ್ನ ಸಿಹಿ ಕುಡಿಯಾಂಗಿಲ್ಲ, ಏನೂ ಕುಡಿಯಾಂಗಿಲ್ಲ. ಆದ್ರೂ ಇಳೀದಿದ್ರ ಏನ್ ಮಾಡ್ಲಿ?"

ಅವ್ವ 'ಇಳಿಯುತ್ತದೆ ಬಿಡು' ಎನ್ನಲಿಲ್ಲ. ಅಂದಿದ್ದರೆ ನಾನು ಆಧಾರ ಕೇಳುತ್ತಿದ್ದೆ. ಲೋಟದೊಳಗೆ ನೋಡಿದಳು, ನನ್ನನ್ನು ನೋಡಿದಳು.

"ಹಂಗಾದ್ರ ನಾ ನಿನಗ ಏನ್ ಕೊಡ್ಲಿ?"

ಅವಳ ಸೆರಗಿನ ತುದಿ ಹಿಡಿದು ಕೆಳಗೆ ಎಳೆದೆ. ನಮ್ಮಲ್ಲಿ ಬಡಿಸುವ ಹೆಂಗಸು ಎಲ್ಲರದೂ ಮುಗಿಯುವ ತನಕ ಕೂಡುವುದಿಲ್ಲ, ಅವ್ವ ಕೂತಳು. ಲೋಟವನ್ನು ದೂರ ಸರಿಸಿದಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಣ್ಣಿನ ಮೇಲೆ, ಒಮ್ಮೆ ಮೊಣಕಾಲ ಮೇಲೆ ಇಟ್ಟು, ಕಡೆಗೆ ತನ್ನ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ಅತ್ತ ಕಡೆಯಿಂದ ಚಿಗವ್ವ ಕೂಗಿದಳು, "ಅಕ್ಕಾ, ಭಾವೋರಿಗಿ ಭಜ್ಜಿ ಬೇಕಂತ, ಎಲ್ಲಿ ಹೋದಿ?"

"ನೀನೇ ಹಾಕು" ಎಂದಳು ಅವ್ವ. ಎದ್ದೇಳಲಿಲ್ಲ.