ಚೀಲದಾಗಿನ ಬ್ಯಾಟರಿ

ಇಂಥಾ ಕತಿ ಯಾರರ ಹೇಳಿದ್ರ ಅವರ ಮಾರಿ ಮುಂದನ ನಗ್ತಿದ್ದೆ. ವೈರಿನ ಕೆಲಸ ಮಾಡೋನು ನಾನು. ಕರೆಂಟ್ ಇದ್ರ ಅದ, ಇಲ್ಲಂದ್ರ ಇಲ್ಲ, ಅಷ್ಟ. ಈಗ ನೀವು ನಗ್ರಿ, ನನಗ ಸಿಟ್ಟಿಲ್ಲ.

ಊರು ಮಾನ್ವಿ, ಕೆಲಸ ರಾಯಚೂರಾಗ. ದೇವದುರ್ಗದ ಕಡೆ ಕೃಷ್ಣಾ ಹೊಳಿ ದಂಡಿಗೆ ನೀರಿನ ಮಟ್ಟ ನೋಡೋ ಕಂಬ ಅದಾವ. ತೆಲಿಮ್ಯಾಲ ಸಣ್ಣ ಸೋಲಾರ್ ಹಲಗಿ, ಹೊಟ್ಟ್ಯಾಗ ಬ್ಯಾಟರಿ. ನೀರು ಏರಿದ್ರ ನನ್ನ ಫೋನಿಗೆ ಮೆಸೇಜ್ ಬರ್ತದ. ಬಿಸಿಲು ಕಮ್ಮಿ ಆದ್ರ ಕಂಬ ಬ್ಯಾಟರಿ ಉಳಿಸ್ಲಿಕ್ಕೆ ತಾನಾ ಮಾತು ಕಮ್ಮಿ ಮಾಡ್ತದ. ಬ್ಯಾಟರಿ ಪೂರ್ತಿ ಇಳಿದ್ರ ಬಾಯಿ ಮುಚ್ಚಿಬಿಡ್ತದ.

ಕೆಲವು ವರ್ಷದ ಹಿಂದ, ಮಳಿಗಾಲದಾಗ, ಒಂದು ಕಂಬ ಸುಮ್ಮನಾತು. ಹೋಗಿ ನೋಡ್ತೀನಿ, ಹಲಗಿ ಮ್ಯಾಲ ಹಸಿ ಕಂಬಳಿ! ದಂಡಿಗೆ ಕುರಿಹಟ್ಟಿ ಹಾಕಿದ್ದ ಹನುಮವ್ವನ ಕೆಲಸ.

"ಯವ್ವಾ, ಇದೇನು ಬಟ್ಟಿ ಒಣಗಸೋ ಹಗ್ಗೇನು?" ಅಂತ ಒದರಿದೆ.

"ಹಲಗಿ ಬೆಚ್ಚಗಿರ್ತದಲ್ಲೋ ಯಪ್ಪಾ, ಲಗೂನ ಒಣಗ್ತದಂತ ಹಾಕೀನಿ. ಬಿಸಿಲಾ ಅದರ ಊಟ ಅಂತ ನನಗೇನು ಗೊತ್ತು?"

ಆಕಿ ಗಂಡ ಕುರಿ ಹೊಡಕೊಂಡು ನಡುಗಡ್ಡಿಗೆ ಹೋಗಿದ್ದ. ಹೊಳಿ ಮೊಣಕಾಲ ಮಟ ಇತ್ತು. ಅವನ ಹತ್ರ ಫೋನಿಲ್ಲ. ಸತ್ತ ಬ್ಯಾಟರಿ ಬಿಚ್ಚಿ ಚೀಲದಾಗ ಹಾಕ್ಕೊಂಡೆ. ನಾಳಿ ಹೊಸಾದು ತರ್ತೀನಂತ ಹೇಳಿ, ಹನುಮವ್ವನ ನಂಬರ್ ತೊಗೊಂಡು ಗಾಡಿ ಹತ್ತಿದೆ.

ದಾರ್ಯಾಗ ಮಸರಕಲ್ ಊರಾಗ ಚಹಾ ಕುಡಿಯಾಕತ್ತಿದ್ದೆ. ಇನ್ನೂ ಬೆಳಕಿತ್ತು. ಫೋನ್ ಟಣ್ ಅಂತು. ಅದೇ ಕಂಬದ ಮೆಸೇಜ್, ನೀರು ಏರಾಕತ್ತದ ಅಂತ. ಹಳೇದಿರಬೇಕು ಅಂದ್ಕೊಂಡೆ. ಮತ್ತೊಂದು ಬಂತು. ಮಟ್ಟ ಇನ್ನೂ ಜಾಸ್ತಿ, ಟೈಮು ಈಗಿಂದು. ಚೀಲದಾಗ ಕೈ ಹಾಕಿದೆ. ಬ್ಯಾಟರಿ ಅಲ್ಲೇ ಅದ, ತಣ್ಣಗ.

ಫೋನ್ ಹಚ್ಚಿದೆ, ಹನುಮವ್ವ ಎತ್ತಲಿಲ್ಲ. ಮತ್ತ ಹಚ್ಚಿದೆ. ಕಡೀಗೆ ಎತ್ತಿದಳು.

"ಯವ್ವಾ, ಗಂಡನ್ನ ದಂಡಿಗೆ ಕರೀ, ನೀರು ಬರಾಕತ್ತದ!"

"ಎಲ್ಲೈತೋ ನೀರು? ಹೊಳಿ ಸುಮ್ಮನದ."

"ಕರೀಬೇ ಮೊದಲ!" ಅಂದೆ. ಆಕಿ ಒದರೋದು ಫೋನಿನ್ಯಾಗ ಕೇಳಿಸ್ತು, ಆಮ್ಯಾಲ ಲೈನ್ ಹೋತು. ಆ ಚಹಾ ನಾ ಕುಡಿಲಿಲ್ಲ.

ಮರುದಿನ ಹೋದ್ರ ನಡುಗಡ್ಡೀನ ಕಾಣಲಿಲ್ಲ, ಬರೇ ಕೆಂಪು ನೀರು. ಹನುಮವ್ವನ ಗಂಡ ದಂಡಿಮ್ಯಾಲ ಕುಂತು ಕುರಿಮರಿ ಮೈ ಒರಸಾಕತ್ತಿದ್ದ. ಕಡೀ ಕುರಿ ದಂಡಿ ಹತ್ತೋದಕ್ಕೂ ನೀರು ನುಗ್ಗೋದಕ್ಕೂ ಸರಿ ಆತಂತ. ಅವನ್ನ ನೋಡಿ ನನಗ ಅಳುನ ಬಂತು.

ಕಂಬದ ಡಬ್ಬಿ ತೆಗೆದೆ. ವೈರಿನ ತುದಿ ನಾ ಬಿಚ್ಚಿ ಟೇಪ್ ಸುತ್ತಿದಂಗೇ ಇದ್ದವು.

ಹೊಳಿ ಹರಿದು ಬರೋ ಮ್ಯಾಲಿನ ಕಡೆ ಇರೋ ಕಂಬದ ಮೆಸೇಜ್ ಇದರ ಹೆಸರಿನ್ಯಾಗ ತಪ್ಪಿ ಬಂದಿರಬೇಕು ಅಂದ್ರು ಆಫೀಸಿನೋರು. ಅದರ ಮ್ಯಾಲ ಕಂಬಾನೇ ಇಲ್ಲರೀ, ಹೊಳಿಗುಂಟ ಅದಾ ಮೊದಲನೇ ಕಂಬ.

ಹೊಸ ಬ್ಯಾಟರಿ ಹಾಕಿ ಬಂದೆ. ಈಗೀಗ ಹನುಮವ್ವ ತಾನಾ ಸೆರಗಿಲೆ ಹಲಗಿ ಒರಸ್ತಾಳ. ಹಳೇ ಬ್ಯಾಟರಿ ನನ್ನ ಕಪಾಟಿನ್ಯಾಗ ಅದ. ಎಷ್ಟು ಸಲ ಚಾರ್ಜಿಗೆ ಹಚ್ಚೀನಿ, ಒಂಚೂರೂ ಹಿಡಿಯಂಗಿಲ್ಲ. ಆದ್ರೂ ಮಳಿಗಾಲದಾಗ ಫೋನ್ ಟಣ್ ಅಂದ್ರ, ನಾ ಮೊದಲು ನೋಡೋದು ಆ ಕಪಾಟಿನ ಕಡೀಗೆ.